ಸ್ಕ್ರ್ಯಾಚ್ ಚೆನ್ನಾಗಿ ಬರುತ್ತೆ, ಮುಂದೆ ಏನು ಕಲಿಸೋದು?

ನೀಲಿಬೆಕ್ಕು
ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 12 ವರ್ಷ. ಸ್ಕ್ರ್ಯಾಚ್‌ನಲ್ಲಿ, ಅಂದರೆ ಬಣ್ಣದ ಬ್ಲಾಕ್ ಜೋಡಿಸಿ ಪ್ರೋಗ್ರಾಮ್ ಮಾಡೋದರಲ್ಲಿ, ಸಾಕಷ್ಟು ಪಳಗಿದ್ದಾಳೆ. ಬೆಕ್ಕು ಹಾರಿ ಹಾರಿ ಓಡುವ ಆಟ ಮಾಡಿದ್ದಾಳೆ. ಅದರಲ್ಲಿ ಗುರುತ್ವ ಇದೆ, ಲೆವೆಲ್‌ಗಳಿವೆ, ಶತ್ರುಗಳೆಲ್ಲ ಕ್ಲೋನ್‌ಗಳು (ಒಂದರ ನಕಲುಗಳು). ಸ್ಕೋರ್ ಇಡೋಕೆ ಲಿಸ್ಟ್ ಬಳಸಿದ್ದಾಳೆ. ತನ್ನದೇ ಬ್ಲಾಕ್‌ಗಳನ್ನೂ ಮಾಡಿಕೊಳ್ಳುತ್ತಾಳೆ. ಈಗ "ಅಮ್ಮ, ದೊಡ್ಡವರು ಬರೆಯೋ ಥರ ಕೋಡ್ ಬರೀಬೇಕು" ಅಂತಿದ್ದಾಳೆ.

ಸರಿ ಅಂತ ಪೈಥಾನ್ ಅನ್ನೋ ಕೋಡಿಂಗ್ ಭಾಷೆಯ ವಿಡಿಯೋ ಪಾಠ ಶುರು ಮಾಡಿಸಿದೆ. ಮೊದಲ ಪಾಠದಲ್ಲಿ ಹೆಸರು ಪ್ರಿಂಟ್ ಮಾಡೋದು. ಆಮೇಲೆ ಎರಡು ಸಂಖ್ಯೆ ಕೂಡೋದು. ಆಮೇಲೆ ಮಗ್ಗಿ. ಅಷ್ಟಕ್ಕೇ ಅವಳಿಗೆ ಸಾಕಾಯ್ತು. "ಅಲ್ಲಿ ನನ್ನ ಬೆಕ್ಕು ಹಾರ್ತಿತ್ತು, ಇಲ್ಲಿ ಬರೀ ಅಕ್ಷರ ಬರುತ್ತೆ" ಅಂತ ಎದ್ದು ಹೋದಳು.

ನನಗೆ ಕೋಡಿಂಗ್ ಗೊತ್ತಿಲ್ಲ, ನನ್ನದು ಅಕೌಂಟ್ಸ್ ಕೆಲಸ. ಹಾಗಾಗಿ ಕೇಳ್ತಿದ್ದೀನಿ. ಪೈಥಾನ್ ಸರಿಯಾದ ಆಯ್ಕೆನಾ? ಜಾವಾಸ್ಕ್ರಿಪ್ಟಾ? ಆಟ ಮಾಡೋಕೆ ಗೊಡೋ ಅನ್ನೋ ಸಾಫ್ಟ್‌ವೇರ್ ಇದೆ ಅಂತಲೂ ಯಾರೋ ಹೇಳಿದರು. ಅಥವಾ ಇನ್ನೂ ಸ್ವಲ್ಪ ದಿನ ಬ್ಲಾಕ್‌ನಲ್ಲೇ ಇರಲಿ ಅಂತ ಬಿಡಬೇಕಾ?

ಕೀಲಿಮಣೆ
ಪೈಥಾನ್. ಬೇರೆ ಯೋಚನೆನೇ ಬೇಡ.

ಹಸಿರು_ಬಾವುಟ
@ಕೀಲಿಮಣೆ ಸರ್, ಆ ಹುಡುಗಿ ಪೈಥಾನ್ ಪಾಠವನ್ನೇ ಬಿಟ್ಟು ಎದ್ದಿದ್ದಾಳೆ ಅಂತ ಬರೆದಿದ್ದಾರಲ್ಲ. ತೊಂದರೆ ಇರೋದು ಭಾಷೆಯಲ್ಲಲ್ಲ, ಪಾಠದಲ್ಲಿ. ಆಟ ಮಾಡಿದ ಮಗುವನ್ನು ಕೂರಿಸಿ ಮಗ್ಗಿ ಪ್ರಿಂಟ್ ಮಾಡಿಸಿದರೆ ಯಾವ ಭಾಷೆಯಾದರೂ ಬೇಜಾರೇ. ಲೂಪ್ (ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸೋದು) ಅಂದರೇನು ಅಂತ ಅವಳಿಗೆ ಆಗಲೇ ಗೊತ್ತು. ಗೊತ್ತಿರೋದನ್ನೇ ಮತ್ತೆ ಹೇಳಿಸಿಕೊಳ್ಳೋದು ಯಾರಿಗೆ ಇಷ್ಟ ಆಗುತ್ತೆ?

ಪಾಠದ_ಮೇಷ್ಟ್ರು
ನಾನು ಮಕ್ಕಳಿಗೆ ಪ್ರೋಗ್ರಾಮಿಂಗ್ ಹೇಳಿಕೊಡುವವನು. ಸ್ವಲ್ಪ ಉದ್ದ ಬರೀತೀನಿ.

ಬ್ಲಾಕ್‌ನಿಂದ ಟೈಪ್ ಮಾಡುವ ಕೋಡ್‌ಗೆ ಹೋಗುವಾಗ ಕಷ್ಟ ಅಂದರೆ ಸ್ಪೆಲಿಂಗು, ಕಂಸ, ಕೋಲನ್ ಅಂತ ಎಲ್ಲರೂ ಅಂದುಕೊಳ್ತಾರೆ. ಅವು ಕೆಲವು ವಾರದಲ್ಲಿ ಕೈಗೆ ಹತ್ತುತ್ತವೆ. ಅಸಲಿ ಕಷ್ಟ ಬೇರೆ. ಸ್ಕ್ರ್ಯಾಚ್ ನಮಗೆ ಹೇಳದೆಯೇ ಎಷ್ಟೋ ಕೆಲಸ ಮಾಡಿಕೊಟ್ಟಿರುತ್ತೆ. ಹೊಸ ಕಡೆ ಹೋದಾಗ ಅದೆಲ್ಲ ನಮ್ಮ ತಲೆ ಮೇಲೆ ಬರುತ್ತೆ. ಮಕ್ಕಳು ಎಡವೋದು ಅಲ್ಲೇ.

ಮೊದಲನೆಯದಾಗಿ, ಸ್ಕ್ರ್ಯಾಚ್‌ನಲ್ಲಿ ಬೆಕ್ಕಿಗೆ ನಿಲ್ಲದೆ ಓಡುವ ಒಂದು ಫಾರೆವರ್ ಲೂಪ್, ಶತ್ರುವಿಗೆ ಒಂದು, ಹಿಂದಿನ ಮೋಡಕ್ಕೆ ಇನ್ನೊಂದು. ಹಸಿರು ಬಾವುಟ ಒತ್ತಿದರೆ ಎಲ್ಲವೂ ಒಟ್ಟಿಗೆ ಓಡುತ್ತವೆ. ಮಗುವಿಗೆ ಅದು ಸಹಜ ಅನ್ನಿಸಿಬಿಟ್ಟಿರುತ್ತೆ. ಪೈಥಾನ್‌ನಲ್ಲಿ ಹಾಗೇ ಕೊನೆಯಿಲ್ಲದ ಎರಡು ವೈಲ್ ಲೂಪ್ ಒಂದರ ಕೆಳಗೆ ಒಂದು ಬರೆದರೆ ಎರಡನೆಯದಕ್ಕೆ ಸರದಿ ಬರೋದೇ ಇಲ್ಲ. ಬೆಕ್ಕು ಓಡುತ್ತೆ, ಶತ್ರು ನಿಂತೇ ಇರುತ್ತೆ. ಒಂದೇ ದೊಡ್ಡ ಲೂಪ್ ಇಟ್ಟು, ಪ್ರತಿ ಸುತ್ತಿನಲ್ಲೂ ಎಲ್ಲರನ್ನೂ ಒಂದೊಂದು ಹೆಜ್ಜೆ ನಡೆಸಬೇಕು ಅನ್ನೋದು ಹೊಸ ಯೋಚನೆ. ಇದನ್ನು ಯಾರಾದರೂ ಪಕ್ಕ ಕೂತು ಹೇಳಿಕೊಡಲೇಬೇಕು.

ಆಮೇಲೆ ಅಕ್ಷಗಳು. ಸ್ಕ್ರ್ಯಾಚ್ ವೇದಿಕೆಯ ಅಗಲ 480, ಎತ್ತರ 360, ನಟ್ಟ ನಡುವೆ ಸೊನ್ನೆ. ವೈ ಹೆಚ್ಚಾದರೆ ಮೇಲೆ ಹೋಗುತ್ತೆ. ಬೇರೆ ಬಹುಪಾಲು ಕಡೆ ಸೊನ್ನೆ ಇರೋದು ಎಡಗಡೆ ಮೇಲಿನ ಮೂಲೆಯಲ್ಲಿ. ಅಲ್ಲಿ ವೈ ಹೆಚ್ಚಾದರೆ ಕೆಳಗೆ. ಹಾರಬೇಕಾದ ಬೆಕ್ಕು ನೆಲದೊಳಗೆ ಇಳಿಯುತ್ತೆ. ಲಿಸ್ಟ್ ಕೂಡ ಹಾಗೇ. ಸ್ಕ್ರ್ಯಾಚ್‌ನಲ್ಲಿ ಮೊದಲನೆಯದು 1, ಪೈಥಾನ್‌ನಲ್ಲಿ 0.

ಇನ್ನೊಂದು ತುಂಬ ಕಾಡೋದು ಸಂಖ್ಯೆ ಮತ್ತು ಅಕ್ಷರದ ಭೇದ. ಸ್ಕ್ರ್ಯಾಚ್‌ನಲ್ಲಿ ಕೀಬೋರ್ಡ್‌ನಿಂದ 10 ಅಂತ ಉತ್ತರ ಬಂದರೆ ಅದನ್ನು ಹಾಗೇ ಕೂಡಬಹುದು, ಹೋಲಿಸಬಹುದು. ಪೈಥಾನ್‌ನಲ್ಲಿ ಇನ್‌ಪುಟ್‌ನಿಂದ ಬರೋದು ಯಾವಾಗಲೂ ಅಕ್ಷರದ ಸಾಲು. ಅದು 10 ಅನ್ನುವ ಸಂಖ್ಯೆಗೆ ಸಮ ಅಲ್ಲ. ಸ್ಕ್ರ್ಯಾಚ್ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳನ್ನೂ ಒಂದೇ ಅಂತ ಹೋಲಿಸುತ್ತೆ. ಪೈಥಾನ್ ಬೇರೆ ಬೇರೆ ಅನ್ನುತ್ತೆ.

ಹೀಗಾಗಿ ನನ್ನ ಸಲಹೆ ಇಷ್ಟು. ಹೊಸ ಪಾಠ ಮೊದಲಿನಿಂದ ಶುರು ಮಾಡಿಸಬೇಡಿ. ಅವಳದೇ ಹಳೆಯ ಆಟಗಳಲ್ಲಿ ಚಿಕ್ಕದೊಂದನ್ನು ಆರಿಸಿ. ಅದನ್ನೇ ಹೊಸ ಭಾಷೆಯಲ್ಲಿ ಕಟ್ಟಿಸಿ. ಏನು ಮಾಡಬೇಕು ಅನ್ನೋದು ಪೂರ್ತಿ ಗೊತ್ತಿರುತ್ತೆ. ಹೇಗೆ ಅನ್ನೋದಷ್ಟೇ ಹೊಸದು.

ನೀಲಿಬೆಕ್ಕು
@ಪಾಠದ_ಮೇಷ್ಟ್ರು ಸರ್, ತುಂಬ ಥ್ಯಾಂಕ್ಸ್. ಇದನ್ನು ಅವಳಿಗೇ ಓದಿಸಿದೆ. "ಹಾಗಾದರೆ ಸ್ಕ್ರ್ಯಾಚ್ ಇಷ್ಟು ದಿನ ನನ್ನಿಂದ ಇದನ್ನೆಲ್ಲ ಮುಚ್ಚಿಟ್ಟಿತ್ತಾ" ಅಂತ ಕೇಳಿದಳು. ಕುತೂಹಲ ಮತ್ತೆ ಬಂದಿದೆ.

ತುದಿಬೆರಳು
ಮುಚ್ಚಿಟ್ಟಿದ್ದನ್ನು ನೋಡೋಕೆ ಒಂದು ದಾರಿ ಇದೆ ಮೇಡಂ. ಸ್ಕ್ರ್ಯಾಚ್ ಆಟವನ್ನು ಕಂಪ್ಯೂಟರ್‌ಗೆ ಇಳಿಸಿಕೊಂಡರೆ ಎಸ್‌ಬಿ3 ಅನ್ನುವ ಫೈಲ್ ಬರುತ್ತೆ. ಅದು ನಿಜಕ್ಕೂ ಒಂದು ಜಿಪ್ ಫೈಲ್. ಒಂದು ಕಾಪಿ ಮಾಡಿಕೊಂಡು, ಹೆಸರಿನ ಕೊನೆಯನ್ನು ಜಿಪ್ ಅಂತ ಬದಲಾಯಿಸಿ ತೆಗೆದರೆ ಒಳಗೆ ಚಿತ್ರಗಳು, ಧ್ವನಿಗಳು, ಜೊತೆಗೆ ಒಂದು ಜೇಸನ್ ಫೈಲ್ ಇರುತ್ತೆ. ಅವಳು ಎಳೆದು ಜೋಡಿಸಿದ ಒಂದೊಂದು ಬ್ಲಾಕೂ ಅದರಲ್ಲಿ ಅಕ್ಷರ ರೂಪದಲ್ಲಿ ಕೂತಿರುತ್ತೆ. ಬಣ್ಣದ ಬ್ಲಾಕು ಬೇರೆ, ಕೋಡು ಬೇರೆ ಅನ್ನೋ ಭಾವನೆ ಆಗಲೇ ಅರ್ಧ ಹೋಗಿಬಿಡುತ್ತೆ.

ಕೀಲಿಮಣೆ
ನಾನು ಹೇಳಿದ್ದೂ ಅದೇ ಅಲ್ವಾ, ಪೈಥಾನ್ ಅಂತ. ಆದರೆ ಇಷ್ಟು ಕಾಲ ಬ್ಲಾಕ್‌ನಲ್ಲಿ ಕಳೆದಿದ್ದೇ ಜಾಸ್ತಿ ಆಯ್ತು. ನಮ್ಮ ಕಾಲದಲ್ಲಿ ನೇರ ಸಿ ಭಾಷೆ ಕಲಿತೆವು. ಪಾಯಿಂಟರ್ ಅರ್ಥ ಮಾಡಿಕೊಂಡೆವು. ಬ್ಲಾಕ್ ಜೋಡಿಸೋದು ಆಟದ ಸಾಮಾನು, ಅದರಿಂದ ಪ್ರೋಗ್ರಾಮರ್ ಆಗೋಲ್ಲ.

ಹಸಿರು_ಬಾವುಟ
ಇದನ್ನು ನಾನು ಒಪ್ಪೋಲ್ಲ ಸರ್. ದೊಡ್ಡ ದೊಡ್ಡ ಆಟ ಮಾಡುವ ಅನ್‌ರಿಯಲ್ ಎಂಜಿನ್‌ನಲ್ಲಿ ಬ್ಲೂಪ್ರಿಂಟ್ ಅಂತ ಇದೆ. ಡಬ್ಬಿಗಳಿಗೆ ತಂತಿ ಎಳೆದು ಪ್ರೋಗ್ರಾಮ್ ಮಾಡೋದು. ಸಂಬಳ ತಗೊಂಡು ಕೆಲಸ ಮಾಡುವವರೇ ಅದನ್ನು ಬಳಸ್ತಾರೆ. ಚಿತ್ರದಲ್ಲಿದ್ದರೆ ಮಕ್ಕಳಾಟ, ಅಕ್ಷರದಲ್ಲಿದ್ದರೆ ಪ್ರೋಗ್ರಾಮಿಂಗ್ ಅನ್ನೋ ಲೆಕ್ಕ ಸರಿ ಇಲ್ಲ. ಸಿ ಕಲಿಯೋಕೆ ಕೂತು ಮೊದಲ ವಾರವೇ ಎದ್ದು ಹೋದ ಮಕ್ಕಳೂ ಇದ್ದರು. ಅವರು ಇವತ್ತು ಇಲ್ಲಿ ಬಂದು ಬರೆಯೋಲ್ಲ, ಅಷ್ಟೇ.

ಓದುಗ_ಹುಳ
ಈ ಜಗಳಕ್ಕೆ ಒಂದು ಸಂಶೋಧನೆ ಇದೆ. ಡೇವಿಡ್ ವೈನ್‌ಟ್ರಾಪ್ ಮತ್ತು ಯೂರಿ ವಿಲೆನ್ಸ್ಕಿ ಹೈಸ್ಕೂಲ್ ಮಕ್ಕಳ ಮೇಲೆ ಮಾಡಿದ್ದು. ಒಂದು ತರಗತಿ ಬ್ಲಾಕ್‌ನಲ್ಲಿ ಶುರು ಮಾಡಿತು, ಇನ್ನೊಂದು ಅಕ್ಷರದ ಕೋಡ್‌ನಲ್ಲಿ. ಮೊದಲ 5 ವಾರದ ಕೊನೆಗೆ ಬ್ಲಾಕ್ ಗುಂಪಿನ ಕಲಿಕೆ ಮುಂದಿತ್ತು. ಆಮೇಲೆ ಎಲ್ಲರೂ ಜಾವಾ ಅನ್ನೋ ಅಕ್ಷರದ ಭಾಷೆಗೆ ಹೋದರು. 10 ವಾರ ಜಾವಾ ಕಲಿತ ಮೇಲೆ ನೋಡಿದರೆ ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಕೀಲಿಮಣೆ
ನೋಡಿ, ಕೊನೆಗೆ ವ್ಯತ್ಯಾಸ ಇಲ್ಲ ಅಂದಮೇಲೆ ಬ್ಲಾಕ್ ಯಾಕೆ ಬೇಕು?

ಹಸಿರು_ಬಾವುಟ
ಕೊನೆಗೆ ವ್ಯತ್ಯಾಸ ಇಲ್ಲ ಅಂದಮೇಲೆ ಬ್ಲಾಕ್‌ನಿಂದ ಕೆಡೋದು ಏನು?

ಪಾಠದ_ಮೇಷ್ಟ್ರು
ಇಬ್ಬರೂ ಅದೇ ಸಾಲನ್ನು ನಿಮ್ಮ ನಿಮ್ಮ ಕಡೆ ಎಳೀತಿದ್ದೀರಿ. ಆ ಸಂಶೋಧನೆಯಿಂದ ನಾನು ತಿಳಿದುಕೊಳ್ಳೋದು ಬೇರೆ. ಬ್ಲಾಕ್‌ನಲ್ಲಿ ಸಿಕ್ಕ ಮುನ್ನಡೆ ಜಾವಾಗೆ ಹೋದಾಗ ತಾನಾಗೇ ಜೊತೆಗೆ ಬರಲಿಲ್ಲ. ನಡುವೆ ಸೇತುವೆ ಬೇಕು. "ನೀನು ಅಲ್ಲಿ ಮಾಡಿದ್ದೇ ಇಲ್ಲಿ ಹೀಗೆ ಕಾಣುತ್ತೆ" ಅಂತ ಯಾರಾದರೂ ತೋರಿಸಬೇಕು. ಸುಮ್ನೆ ಒಂದು ಮುಗಿಸಿ ಇನ್ನೊಂದು ಶುರು ಮಾಡಿದರೆ ಮಗು ಎರಡನ್ನೂ ಬೇರೆ ಬೇರೆ ವಿಷಯ ಅಂದುಕೊಳ್ಳುತ್ತೆ.

ಆಮೆನಡೆ
ಸೇತುವೆ ಅಂದಿದ್ದಕ್ಕೆ ಹೇಳ್ತೀನಿ, ಸ್ನ್ಯಾಪ್ ನೋಡಿದ್ದೀರಾ ಯಾರಾದರೂ? ಬರ್ಕ್ಲಿ ವಿಶ್ವವಿದ್ಯಾಲಯದ್ದು. ಬ್ರಯಾನ್ ಹಾರ್ವಿ, ಯೆನ್ಸ್ ಮ್ಯೋನಿಗ್ ಮಾಡಿದ್ದು. ನೋಡೋಕೆ ಸ್ಕ್ರ್ಯಾಚ್ ಥರಾನೇ. ಆದರೆ ಸ್ಕ್ರ್ಯಾಚ್‌ನಲ್ಲಿ ಆಗದ ಕೆಲಸಗಳು ಇಲ್ಲಿ ಆಗುತ್ತವೆ. ಲಿಸ್ಟ್ ಒಳಗೆ ಲಿಸ್ಟ್ ಇಡಬಹುದು. ನೀವೇ ಮಾಡಿದ ಬ್ಲಾಕು ಒಂದು ಉತ್ತರ ವಾಪಸ್ ಕೊಡಬಹುದು. ಸ್ಕ್ರ್ಯಾಚ್‌ನ ಮೈ ಬ್ಲಾಕ್ಸ್‌ನಲ್ಲಿ ಆ ಸೌಲಭ್ಯ ಇಲ್ಲ, ಉತ್ತರವನ್ನು ಯಾವುದಾದರೂ ವೇರಿಯಬಲ್‌ನಲ್ಲಿ (ಬೆಲೆ ಇಟ್ಟುಕೊಳ್ಳೋ ಹೆಸರಿನಲ್ಲಿ) ಹಾಕಿ ಆಮೇಲೆ ಓದಬೇಕು. ಸ್ನ್ಯಾಪ್‌ನಲ್ಲಿ ಒಂದು ಬ್ಲಾಕನ್ನೇ ಇನ್ನೊಂದು ಬ್ಲಾಕಿಗೆ ಕೊಡಬಹುದು. ಕಾಲೇಜಿನಲ್ಲಿ ಹೇಳಿಕೊಡುವ ವಿಷಯ ಇದು, ಬಣ್ಣದ ಬ್ಲಾಕಿನಲ್ಲೇ ಸಿಗುತ್ತೆ.

ತುದಿಬೆರಳು
ಸ್ನ್ಯಾಪ್ ಒಳ್ಳೆಯದೇ. ಆದರೆ ಮಗು "ದೊಡ್ಡವರ ಥರ ಬರೀಬೇಕು" ಅಂತ ಕೇಳಿದಾಗ ಮತ್ತೊಂದು ಬ್ಲಾಕಿನ ಡಬ್ಬ ಕೊಟ್ಟರೆ ಒಪ್ಪುತ್ತಾ?

ಆಮೆನಡೆ
ಕೆಲವರು ಒಪ್ತಾರೆ, ಕೆಲವರು ಒಪ್ಪೋಲ್ಲ. ನನ್ನ ತಮ್ಮನ ಮಗ ಒಪ್ಪಿದ. ಅವನಿಗೆ ಬೇಕಿದ್ದದ್ದು ಚೆಸ್ ಹಲಗೆ ಮಾಡೋದು, ಲಿಸ್ಟ್ ಒಳಗೆ ಲಿಸ್ಟ್ ಬೇಕೇ ಬೇಕಿತ್ತು. ಬೇಕಾದ್ದು ಸಿಗುತ್ತೆ ಅಂದರೆ ಮಕ್ಕಳು ಬಣ್ಣ ನೋಡೋಲ್ಲ.

ಮಿಣುಕು_ದೀಪ
ಮೈಕ್ರೋಬಿಟ್ ಬಗ್ಗೆ ಯಾರೂ ಹೇಳಲಿಲ್ಲ! ಬಿಬಿಸಿ 2016ರಲ್ಲಿ ತಂದ ಚಿಕ್ಕ ಬೋರ್ಡ್. 25 ಚುಕ್ಕಿ ದೀಪ, ಎರಡು ಗುಂಡಿ, ಅಲುಗಾಡಿಸಿದರೆ ಗೊತ್ತಾಗುವ ಸೆನ್ಸರ್. ಅದಕ್ಕೆ ಇರುವ ಮೇಕ್‌ಕೋಡ್ ಎಡಿಟರ್‌ನಲ್ಲಿ ಬ್ಲಾಕ್ ಜೋಡಿಸಿ, ಮೇಲಿನ ಗುಂಡಿ ಒತ್ತಿದರೆ ಅದೇ ಪ್ರೋಗ್ರಾಮ್ ಜಾವಾಸ್ಕ್ರಿಪ್ಟ್ ಆಗಿ, ಪೈಥಾನ್ ಆಗಿ ಕಾಣುತ್ತೆ. ಅಕ್ಷರದಲ್ಲಿ ಒಂದು ಸಂಖ್ಯೆ ಬದಲಾಯಿಸಿ ವಾಪಸ್ ಬಂದರೆ ಬ್ಲಾಕ್‌ನಲ್ಲೂ ಬದಲಾಗಿರುತ್ತೆ. ಸೇತುವೆ ಅಂದರೆ ಇದೇ ಅಲ್ವಾ?

ಓದುಗ_ಹುಳ
ಒಂದು ತಿದ್ದುಪಡಿ. ಮೇಕ್‌ಕೋಡ್‌ನಲ್ಲಿ ಜಾವಾಸ್ಕ್ರಿಪ್ಟ್ ಅಂತ ಕಾಣೋದು ನಿಜಕ್ಕೂ ಟೈಪ್‌ಸ್ಕ್ರಿಪ್ಟ್ ಅನ್ನೋ ಅದರ ಸಂಬಂಧಿ ಭಾಷೆಯ ಒಂದು ಭಾಗ. ಅಲ್ಲಿನ ಪೈಥಾನ್ ಕೂಡ ಪೂರ್ತಿ ಪೈಥಾನ್ ಅಲ್ಲ, ಒಳಗೆ ಅದೂ ಟೈಪ್‌ಸ್ಕ್ರಿಪ್ಟ್ ಆಗಿ ಬದಲಾಗುತ್ತೆ. ಹೊರಗಿನ ಪೈಥಾನ್ ಪುಸ್ತಕದ ಉದಾಹರಣೆಯನ್ನು ಅಲ್ಲಿ ಹಾಕಿದರೆ ಕೆಲವು ಓಡೋಲ್ಲ. ಮೈಕ್ರೋಬಿಟ್‌ಗೆ ಪೈಥಾನ್ ಬೇಕು ಅಂದರೆ ಮೈಕ್ರೋಪೈಥಾನ್ ಎಡಿಟರ್ ಬೇರೆಯೇ ಇದೆ.

ಮಿಣುಕು_ದೀಪ
ಸರಿ, ಅದು ಒಳ್ಳೆಯ ಮಾಹಿತಿ. ಆದರೂ ಪಕ್ಕಪಕ್ಕದಲ್ಲಿ ಇಟ್ಟು ನೋಡೋಕೆ ಅದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ.

ಎಂಟನೇ_ಕ್ಲಾಸ್
ನೀಲಿಬೆಕ್ಕು ಆಂಟಿ, ನಾನು ಎಂಟನೇ ಕ್ಲಾಸು. ನಾನು ಸ್ಕ್ರ್ಯಾಚ್‌ನಿಂದ ಗೊಡೋಗೆ ಹೋದೆ. ಅದರ ಭಾಷೆ ಜಿಡಿಸ್ಕ್ರಿಪ್ಟ್, ನೋಡೋಕೆ ಪೈಥಾನ್ ಥರ ಇರುತ್ತೆ. ಸ್ಕ್ರ್ಯಾಚ್‌ನಲ್ಲಿ ಎಲ್ಲರಿಗೂ ಸಂದೇಶ ಕಳಿಸೋ ಬ್ರಾಡ್‌ಕಾಸ್ಟ್ ಇತ್ತಲ್ಲ, ಇಲ್ಲಿ ಸಿಗ್ನಲ್ ಅಂತ ಇದೆ. ಹಸಿರು ಬಾವುಟದ ಬದಲು ರೆಡಿ ಅನ್ನುವ ಫಂಕ್ಷನ್ (ಹೆಸರಿಟ್ಟ ಕೋಡಿನ ತುಂಡು). ಫಾರೆವರ್ ಬದಲು ಪ್ರಾಸೆಸ್ ಅನ್ನುವ ಫಂಕ್ಷನ್, ಪ್ರತಿ ಫ್ರೇಮಿಗೂ (ಪರದೆ ಹೊಸದಾಗಿ ಬರೆದಾಗಲೆಲ್ಲ) ಅದೇ ಓಡುತ್ತೆ. ಸ್ಪ್ರೈಟ್‌ಗೆ (ಆಟದಲ್ಲಿ ಓಡಾಡೋ ಚಿತ್ರಕ್ಕೆ) ಒಂದೊಂದು ಸ್ಕ್ರಿಪ್ಟ್ ಅಂಟಿಸಬಹುದು, ಅದೂ ಸ್ಕ್ರ್ಯಾಚ್ ಥರಾನೇ. ಮೊದಲು ಪರದೆ ನೋಡಿದಾಗ ಗುಂಡಿಗಳೇ ಗುಂಡಿಗಳು. ಎಲ್ಲದನ್ನೂ ಒತ್ತೋಕೆ ಹೋಗಬಾರದು. ಒಂದು ಸೀನ್, ಒಂದು ಸ್ಪ್ರೈಟ್, ಒಂದು ಸ್ಕ್ರಿಪ್ಟ್ ಸಾಕು. ಅವಳ ಆಟ ಪ್ಲಾಟ್‌ಫಾರ್ಮರ್ ಅಲ್ವಾ, ಅದಕ್ಕೆ ಬೇಕಾದ ಗುರುತ್ವ, ಗೋಡೆ ತಾಗೋದು ಎಲ್ಲ ಗೊಡೋದಲ್ಲಿ ಚೆನ್ನಾಗಿದೆ.

ಮಿಣುಕು_ದೀಪ
ಗೊಡೋದಲ್ಲೇ ಬ್ಲಾಕ್ ಥರದ್ದು ಇದೆಯಲ್ಲ, ವಿಷುಯಲ್ ಸ್ಕ್ರಿಪ್ಟ್ ಅಂತ?

ಎಂಟನೇ_ಕ್ಲಾಸ್
ಹಳೆಯದರಲ್ಲಿ ಇತ್ತು. ಗೊಡೋ 4ರಲ್ಲಿ ತೆಗೆದುಬಿಟ್ಟರು. ಹಳೆಯ ವಿಡಿಯೋ ನೋಡಿ ಹುಡುಕಿದರೆ ಸಿಗೋಲ್ಲ.

ಜಾಲಗಾರ್ತಿ
ಎಲ್ಲರೂ ಒಂದು ದೊಡ್ಡ ವಿಷಯ ಬಿಡ್ತಿದ್ದೀರಿ. ಸ್ಕ್ರ್ಯಾಚ್ ಮಕ್ಕಳಿಗೆ ಯಾಕೆ ಅಷ್ಟು ಇಷ್ಟ? ಮಾಡಿದ್ದನ್ನು ತಕ್ಷಣ ಬೇರೆಯವರಿಗೆ ತೋರಿಸಬಹುದು. ಲಿಂಕ್ ಕೊಟ್ಟರೆ ಗೆಳತಿ ಆಡ್ತಾಳೆ, ಒಳಗೆ ನೋಡ್ತಾಳೆ, ರೀಮಿಕ್ಸ್ ಮಾಡ್ತಾಳೆ. ಪೈಥಾನ್‌ನಲ್ಲಿ ಆಟ ಮಾಡಿದರೆ ಅದನ್ನು ಆಡೋಕೆ ಗೆಳತಿಯ ಕಂಪ್ಯೂಟರ್‌ನಲ್ಲೂ ಪೈಥಾನ್ ಹಾಕಬೇಕು, ಲೈಬ್ರರಿ (ಸಿದ್ಧ ಕೋಡಿನ ಕಂತೆ) ಹಾಕಬೇಕು. ಯಾರು ಹಾಕ್ತಾರೆ? ಆಟ ತಯಾರಾಗುತ್ತೆ, ಆಡುವವರು ಇರೋಲ್ಲ. ಮಗುವಿನ ಉತ್ಸಾಹ ಅಲ್ಲೇ ಕರಗೋದು.

ಅದಕ್ಕೆ ನನ್ನ ಮತ ಜಾವಾಸ್ಕ್ರಿಪ್ಟ್‌ಗೆ, ಅದರಲ್ಲೂ ಪರದೆ ಮೇಲೆ ಚಿತ್ರ ಬರೆಯೋಕೆ ಇರುವ ಪಿ5 ಅನ್ನೋ ಲೈಬ್ರರಿಗೆ. ಬ್ರೌಸರ್ ಸಾಕು, ಏನೂ ಹಾಕಬೇಕಿಲ್ಲ. ಸೆಟಪ್ ಅನ್ನುವ ಫಂಕ್ಷನ್ ಒಂದು ಸಲ ಓಡುತ್ತೆ. ಡ್ರಾ ಅನ್ನುವುದು ಮತ್ತೆ ಮತ್ತೆ ಓಡುತ್ತಾ ಇರುತ್ತೆ. ಅಂದರೆ ಬಾವುಟ ಮತ್ತು ಫಾರೆವರ್. ಎರಡು ಸಾಲಿಗೇ ಪರದೆ ಮೇಲೆ ವೃತ್ತ ಬರುತ್ತೆ, ಮೂರನೆಯದಕ್ಕೆ ಅದು ಮೌಸ್ ಹಿಂದೆ ಓಡುತ್ತೆ. ಆನ್‌ಲೈನ್ ಎಡಿಟರ್‌ನಿಂದ ಲಿಂಕ್ ಕಳಿಸಿದರೆ ಫೋನ್‌ನಲ್ಲೇ ನೋಡಬಹುದು.

ಕೀಲಿಮಣೆ
ಜಾವಾಸ್ಕ್ರಿಪ್ಟ್‌ನಲ್ಲಿ ಅಕ್ಷರದ "5"ಕ್ಕೆ 3 ಕೂಡಿದರೆ 53 ಬರುತ್ತೆ, ಅದೇ "5"ರಿಂದ 3 ಕಳೆದರೆ 2 ಬರುತ್ತೆ. ಇಂಥದ್ದರಲ್ಲಿ ಮಗುವಿಗೆ ಶಿಸ್ತು ಹೇಗೆ ಬರುತ್ತೆ? ಪೈಥಾನ್ ತಪ್ಪಿದ್ದರೆ ತಪ್ಪು ಅಂತ ನಿಲ್ಲಿಸುತ್ತೆ. ಕಲಿಯುವಾಗ ಅದು ಮುಖ್ಯ.

ಜಾಲಗಾರ್ತಿ
ಅದು ನ್ಯಾಯವಾದ ಮಾತು. ಪಿ5ನಲ್ಲಿ ಒಂದು ವೇರಿಯಬಲ್ ಹೆಸರು ತಪ್ಪಿದರೆ ಎಷ್ಟೋ ಸಲ ಖಾಲಿ ಪರದೆ ಬರುತ್ತೆ. ತಪ್ಪು ತೋರಿಸುವ ಕೆಳಗಿನ ಕನ್ಸೋಲ್ ನೋಡೋದನ್ನು ಮೊದಲ ದಿನವೇ ಹೇಳಿಕೊಡಬೇಕು. ಆದರೂ ಹಂಚಿಕೊಳ್ಳೋದರ ಬಗ್ಗೆ ನಾನು ಹೇಳಿದ್ದು ಹಾಗೇ ನಿಲ್ಲುತ್ತೆ.

ಪಾಠದ_ಮೇಷ್ಟ್ರು
ತಪ್ಪಿನ ಸಂದೇಶಗಳ ಬಗ್ಗೆ ಎರಡು ಮಾತು. ಸ್ಕ್ರ್ಯಾಚ್‌ನಲ್ಲಿ ಕೆಂಪು ಅಕ್ಷರದ ಎರರ್ ಅನ್ನೋದೇ ಇಲ್ಲ. ಹೊಂದದ ಬ್ಲಾಕು ಕೂರೋದೇ ಇಲ್ಲ. ಅಲ್ಲಿಂದ ಬಂದ ಮಗುವಿಗೆ ಮೊದಲ ಎರರ್ ಬಂದಾಗ ಬೈಸಿಕೊಂಡ ಹಾಗೆ ಆಗುತ್ತೆ. ಕೆಲವರು ಕೈ ತೆಗೆದುಬಿಡ್ತಾರೆ. ನಾನು ತರಗತಿಯಲ್ಲಿ ಬೇಕೆಂದೇ ಕೋಡ್ ಕೆಡಿಸಿ ಆಡಿಸ್ತೀನಿ. "ಒಂದು ಕೋಲನ್ ತೆಗಿ, ಏನು ಬರುತ್ತೆ ನೋಡು. ಒಂದು ಕಂಸ ಬಿಡು, ಏನು ಬರುತ್ತೆ ನೋಡು." ಪೈಥಾನ್ 3.10ರಿಂದ ಈ ಸಂದೇಶಗಳು ಎಷ್ಟೋ ಸುಧಾರಿಸಿವೆ. ಕಂಸ ಮುಚ್ಚಿಲ್ಲ ಅಂದರೆ ಯಾವ ಕಂಸ ಅಂತ ತೋರಿಸುತ್ತೆ, ಕೋಲನ್ ಬೇಕಿತ್ತು ಅಂತ ನೇರವಾಗಿ ಹೇಳುತ್ತೆ. ಹಳೆಯ ಆವೃತ್ತಿ ಇದ್ದರೆ ಬದಲಾಯಿಸಿಕೊಳ್ಳಿ.

ಎಡಿಟರ್ ಆಗಿ ಥಾನಿ ಹಾಕಿಕೊಡಿ. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು, ಹೊಸಬರಿಗೆಂದೇ ಮಾಡಿದ್ದು. ಪೈಥಾನ್ ಅದರ ಜೊತೆಗೇ ಬರುತ್ತೆ. ಕೋಡನ್ನು ಒಂದೊಂದೇ ಹೆಜ್ಜೆ ಓಡಿಸಿ, ವೇರಿಯಬಲ್‌ನಲ್ಲಿ ಏನಿದೆ ಅಂತ ಪಕ್ಕದಲ್ಲೇ ನೋಡಬಹುದು. ಸ್ಕ್ರ್ಯಾಚ್‌ನಲ್ಲಿ ವೇರಿಯಬಲ್ ಪರದೆ ಮೇಲೆ ಕಾಣ್ತಿತ್ತಲ್ಲ, ಆ ಅಭ್ಯಾಸ ಇಲ್ಲೂ ಮುಂದುವರಿಯುತ್ತೆ.

ಆಮೆನಡೆ
ಪೈಥಾನ್‌ನ ಟರ್ಟಲ್ ಕೂಡ ಮರೀಬೇಡಿ. ಪೈಥಾನ್ ಜೊತೆಗೇ ಬರುತ್ತೆ. ಆಮೆಗೆ ಮುಂದೆ ಹೋಗು, ತಿರುಗು ಅಂದರೆ ಗೆರೆ ಎಳೆಯುತ್ತೆ. ಇದರ ಮೂಲ ಲೋಗೋ ಭಾಷೆ, 1967ರದ್ದು. ಸೀಮೂರ್ ಪೇಪರ್ಟ್, ಸಿಂಥಿಯಾ ಸಾಲಮನ್, ವಾಲಿ ಫೂರ್ಜೈಗ್ ಮಾಡಿದ್ದು. ಸ್ಕ್ರ್ಯಾಚ್‌ನ ಪೆನ್ ಬ್ಲಾಕುಗಳೂ ಅದೇ ವಂಶ. ಟರ್ಟಲ್‌ನಲ್ಲಿ ಸೊನ್ನೆ ಪರದೆಯ ನಡುವೆಯೇ ಇರುತ್ತೆ, ಮೇಲೆ ಹೋದರೆ ವೈ ಹೆಚ್ಚುತ್ತೆ. ಅಂದರೆ ಸ್ಕ್ರ್ಯಾಚ್ ಮಗುವಿಗೆ ಅಕ್ಷದ ಗೊಂದಲ ಇಲ್ಲ.

ಕನ್ನಡ_ಕೋಡ್
ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತೆ, ಆದರೂ ಹೇಳ್ತೀನಿ. ಪೈಥಾನ್ 3ರಲ್ಲಿ ವೇರಿಯಬಲ್ ಹೆಸರನ್ನು ಕನ್ನಡದಲ್ಲೇ ಇಡಬಹುದು. ಅಂಕ = 0, ಜೀವ = 3 ಅಂತ ಬರೆದರೆ ಓಡುತ್ತೆ. ಫಂಕ್ಷನ್‌ಗೂ ಕನ್ನಡದ ಹೆಸರು ಆಗುತ್ತೆ. ಇಫ್, ವೈಲ್ ಥರದ ಪದಗಳಷ್ಟೇ ಇಂಗ್ಲಿಷ್‌ನಲ್ಲಿರಬೇಕು. ಕನ್ನಡದ ಅಂಕಿಗಳನ್ನೂ ಓದುತ್ತೆ. "೧೨" ಅಂತ ಟೈಪ್ ಮಾಡಿದ್ದನ್ನು ಇಂಟ್ ಫಂಕ್ಷನ್‌ಗೆ ಕೊಟ್ಟರೆ 12 ಬರುತ್ತೆ. ಇದನ್ನು ನೋಡಿದ ಮಕ್ಕಳ ಮುಖ ನೋಡಬೇಕು!

ತುದಿಬೆರಳು
ನಾನು ಈಗಲೇ ಓಡಿಸಿ ನೋಡಿದೆ, ನಿಜವಾಗಲೂ ಬಂತು. ಆದರೆ ಹೆಸರಿನ ಸಾಲುಗಳಲ್ಲಿ ಒಂದಕ್ಕೆ ಮಾತ್ರ ಎರರ್. ಸ್ಪೆಲಿಂಗ್ ಸರಿಯಾಗೇ ಇದೆ. ಹೆಸರು "ಗೇಮ್‌ಅಂಕ".

ಕನ್ನಡ_ಕೋಡ್
ಅದರಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಇದೆ. "ಮ್" ಆದಮೇಲೆ ಒತ್ತಕ್ಷರ ಆಗದೆ ಬಿಡಿಯಾಗಿ ನಿಲ್ಲಲಿ ಅಂತ ಕೀಬೋರ್ಡ್ ಹಾಕುವ ಗುರುತು. ಪೈಥಾನ್ ಅದನ್ನು ಹೆಸರಿನಲ್ಲಿ ಒಪ್ಪೋಲ್ಲ. ಗೇಮ್_ಅಂಕ ಅಂತ ನಡುವೆ ಅಡಿಗೆರೆ ಹಾಕಿ, ಆ ಗುರುತನ್ನು ಅಳಿಸಿ. ಸರಿಯಾಗುತ್ತೆ.

ಕೀಲಿಮಣೆ
ಕಲಿಯುವಾಗ ಪರವಾಗಿಲ್ಲ. ಆದರೆ ಮುಂದೆ ನಾಲ್ಕು ದೇಶದವರ ಜೊತೆ ಕೆಲಸ ಮಾಡುವಾಗ ಇಂಗ್ಲಿಷ್ ಹೆಸರೇ ಇಡಬೇಕಾಗುತ್ತೆ.

ಕನ್ನಡ_ಕೋಡ್
ಮುಂದಿನದು ಮುಂದೆ. 12 ವರ್ಷದ ಮಗು ತನ್ನ ಆಟಕ್ಕೆ ತನ್ನ ಭಾಷೆಯಲ್ಲಿ ಹೆಸರಿಟ್ಟರೆ ಯಾರಿಗೂ ನಷ್ಟ ಇಲ್ಲ. ಯಾವುದು ಪೈಥಾನ್‌ನ ಪದ, ಯಾವುದು ತಾನೇ ಇಟ್ಟ ಹೆಸರು ಅನ್ನೋದು ಕಣ್ಣಿಗೇ ಬೇರೆ ಕಾಣುತ್ತೆ. ಹೊಸಬರಿಗೆ ಅದು ದೊಡ್ಡ ಸಹಾಯ.

ನೀಲಿಬೆಕ್ಕು
ಎಲ್ಲರಿಗೂ ಥ್ಯಾಂಕ್ಸ್. ಮಗಳು ಎಲ್ಲ ಓದಿದಳು. ಅವಳೇ ನಿರ್ಧಾರ ಮಾಡಿದ್ದಾಳೆ. ಮೊದಲು ಟರ್ಟಲ್‌ನಲ್ಲಿ ಸ್ವಲ್ಪ ಗೆರೆ ಎಳೆದಳು, ಆಮೇಲೆ ಪೈಥಾನ್‌ನಲ್ಲಿ ಆಟ ಮಾಡೋಕೆ ಇರುವ ಪೈಗೇಮ್ ಝೀರೋ. ಥಾನಿಯಲ್ಲೇ ಅದನ್ನು ಓಡಿಸುವ ಆಯ್ಕೆ ಇದೆಯಂತೆ. ಬೆಕ್ಕಿನ ಚಿತ್ರ ಬಂತು, ಬಾಣದ ಗುಂಡಿಗೆ ಓಡುತ್ತೆ. ಆದರೆ ಮೂರು ತೊಂದರೆ ಬರೆದುಕೊಟ್ಟಿದ್ದಾಳೆ, ಅವಳ ಮಾತಿನಲ್ಲೇ ಹಾಕ್ತೀನಿ.

"ಸ್ಕ್ರ್ಯಾಚ್‌ನಲ್ಲಿದ್ದ ಅದೇ 5 ಹಾಕಿದ್ದೀನಿ. ಇಲ್ಲಿ ಬೆಕ್ಕು ಎರಡರಷ್ಟು ಜೋರಾಗಿ ಓಡುತ್ತೆ. ಇನ್ನೊಂದು, ಮುಳ್ಳು ತಾಗಿದರೆ ಒಂದು ಸೆಕೆಂಡ್ ಕಾಯಬೇಕು ಅಂತ ಸ್ಲೀಪ್ ಹಾಕಿದೆ, ಇಡೀ ಆಟ ನಿಂತುಹೋಗುತ್ತೆ. ಮತ್ತೆ ಬೆಕ್ಕು ಮುಳ್ಳನ್ನು ಮುಟ್ಟದೇ ಇದ್ದರೂ ಮುಟ್ಟಿತು ಅನ್ನುತ್ತೆ."

ಪಾಠದ_ಮೇಷ್ಟ್ರು
ಮೂರೂ ಪ್ರಶ್ನೆ ಬಹಳ ಚೆನ್ನಾಗಿವೆ. ಪುಟ್ಟಿಗೆ ಹೇಳಿ, ಇವು ಸರಿಯಾದ ಜಾಗಕ್ಕೆ ಬಂದಿರೋದರ ಗುರುತು.

ವೇಗ: ಸ್ಕ್ರ್ಯಾಚ್ ಪರದೆಯನ್ನು ಸೆಕೆಂಡಿಗೆ 30 ಸಲ ಬದಲಾಯಿಸುತ್ತೆ. ಪೈಗೇಮ್ ಝೀರೋ ಅಪ್‌ಡೇಟ್ ಫಂಕ್ಷನನ್ನು ಸೆಕೆಂಡಿಗೆ 60 ಸಲ ಕರೆಯುತ್ತೆ. ಅದೇ 5 ಹೆಜ್ಜೆ ಎರಡರಷ್ಟು ಸಲ ನಡೆಯುತ್ತೆ. 2.5 ಹಾಕಿದರೆ ಸರಿ ಹೋಗುತ್ತೆ. ಆದರೆ ಗುರುತ್ವವನ್ನು ಸುಮ್ನೆ ಅರ್ಧ ಮಾಡಿದರೆ ಸಾಲದು, ಅದು ಪ್ರತಿ ಫ್ರೇಮಿಗೂ ವೇಗಕ್ಕೆ ಸೇರುತ್ತಾ ಹೋಗುವ ಸಂಖ್ಯೆ. ಅದನ್ನು ಕಾಲು ಭಾಗ ಮಾಡಿ, ಹಾರುವಾಗ ಕೊಡುವ ಮೊದಲ ವೇಗವನ್ನು ಅರ್ಧ ಮಾಡಿ ನೋಡಲಿ.

ಕಾಯೋದು: ಸ್ಕ್ರ್ಯಾಚ್‌ನ ವೇಟ್ ಬ್ಲಾಕು ಆ ಒಂದು ಸ್ಕ್ರಿಪ್ಟನ್ನು ಮಾತ್ರ ನಿಲ್ಲಿಸುತ್ತೆ. ಸ್ಲೀಪ್ ಇಡೀ ಪ್ರೋಗ್ರಾಮನ್ನೇ ನಿಲ್ಲಿಸುತ್ತೆ, ಪರದೆ ಬರೆಯುವವರೂ ಇರೋಲ್ಲ, ಗುಂಡಿ ಕೇಳುವವರೂ ಇರೋಲ್ಲ. ಇಲ್ಲಿ ಕಾಯಬಾರದು, ಆಮೇಲೆ ಕರೆ ಅಂತ ಹೇಳಿಟ್ಟು ಮುಂದೆ ಹೋಗಬೇಕು. ಪೈಗೇಮ್ ಝೀರೋದಲ್ಲಿ ಕ್ಲಾಕ್ ಶೆಡ್ಯೂಲ್ ಇದೆ. ಒಂದು ಫಂಕ್ಷನ್ ಹೆಸರು ಮತ್ತು 1.0 ಕೊಟ್ಟರೆ ಒಂದು ಸೆಕೆಂಡ್ ಆದಮೇಲೆ ಅದನ್ನು ಕರೆಯುತ್ತೆ. ಫಂಕ್ಷನ್ ಹೆಸರಿನ ಮುಂದೆ ಕಂಸ ಹಾಕಬಾರದು, ಹಾಕಿದರೆ ಆಗಲೇ ಓಡಿಬಿಡುತ್ತೆ.

ಎಂಟನೇ_ಕ್ಲಾಸ್
ಮೂರನೆಯದು ನಾನು ಹೇಳ್ತೀನಿ. ಸ್ಕ್ರ್ಯಾಚ್‌ನಲ್ಲಿ ಟಚಿಂಗ್ ಅಂದರೆ ಚಿತ್ರದ ನಿಜವಾದ ಆಕಾರ ನೋಡುತ್ತೆ. ಇಲ್ಲಿ ಕೊಲೈಡ್‌ರೆಕ್ಟ್ ಚಿತ್ರದ ಸುತ್ತ ಇರುವ ಆಯತ ನೋಡುತ್ತೆ. ಬೆಕ್ಕಿನ ಕಿವಿ ಪಕ್ಕದ ಖಾಲಿ ಜಾಗವೂ ಬೆಕ್ಕೇ. ಚಿತ್ರದ ಸುತ್ತ ಇರುವ ಖಾಲಿಯನ್ನು ಕತ್ತರಿಸಿದರೆ ಅರ್ಧ ತೊಂದರೆ ಹೋಗುತ್ತೆ. ಉಳಿದದ್ದಕ್ಕೆ ಬೆಕ್ಕಿನೊಳಗೆ ಇನ್ನೊಂದು ಚಿಕ್ಕ ಆಯತ ಇಟ್ಟುಕೊಂಡು ಅದನ್ನೇ ಹೋಲಿಸಬೇಕು. ಮತ್ತೆ ಚಿತ್ರದ ಫೈಲ್ ಹೆಸರೆಲ್ಲ ಚಿಕ್ಕಕ್ಷರದಲ್ಲೇ ಇರಲಿ, ದೊಡ್ಡಕ್ಷರ ಇದ್ದರೆ ಪೈಗೇಮ್ ಝೀರೋ ಒಪ್ಪೋಲ್ಲ.

ಜಾಲಗಾರ್ತಿ
ಮತ್ತೆ ಹೇಳ್ತೀನಿ, ಆಟ ಮುಗಿದ ಮೇಲೆ ಗೆಳತಿಗೆ ಹೇಗೆ ಕೊಡ್ತಾಳೆ?

ತುದಿಬೆರಳು
ಗೆಳತಿಗೆ ಸ್ಕ್ರ್ಯಾಚ್ ಆವೃತ್ತಿ ಕೊಡಲಿ! ಎರಡನ್ನೂ ಇಟ್ಟುಕೊಳ್ಳಬಾರದು ಅಂತ ಎಲ್ಲೂ ಇಲ್ಲ. ಸ್ಕ್ರ್ಯಾಚ್‌ನಲ್ಲಿ ಒಂದೇ ಸಲಕ್ಕೆ 300 ಕ್ಲೋನ್ ಮಿತಿ ಇದೆ. ಅದು ಅಡ್ಡ ಬಂದರೆ ಟರ್ಬೋವಾರ್ಪ್ ಇದೆ. ಅದೇ ಪ್ರಾಜೆಕ್ಟನ್ನು ಜಾವಾಸ್ಕ್ರಿಪ್ಟ್‌ಗೆ ಬದಲಾಯಿಸಿ ಜೋರಾಗಿ ಓಡಿಸುತ್ತೆ, ಮಿತಿಯನ್ನೂ ತೆಗೆಯಬಹುದು.

ನೀಲಿಬೆಕ್ಕು
ವೇಗ ಸರಿಯಾಯ್ತು, ಕಾಯೋದೂ ಸರಿಯಾಯ್ತು. ಈಗ ಅವಳ ಹೊಸ ಪ್ರಶ್ನೆ. ಸ್ಕ್ರ್ಯಾಚ್‌ನಲ್ಲಿ ಒಂದೊಂದು ಲೆವೆಲ್‌ಗೂ ಒಂದೊಂದು ಕಾಸ್ಟ್ಯೂಮ್ (ಪೂರ್ತಿ ಚಿತ್ರ) ಬರೆದಿದ್ದಳು. ಇಲ್ಲಿ ಒಂದೊಂದು ಇಟ್ಟಿಗೆಯ ಎಕ್ಸ್, ವೈ ಕೈಯಲ್ಲಿ ಬರೀಬೇಕಾ ಅಂತ ಕೇಳ್ತಿದ್ದಾಳೆ.

ಎಂಟನೇ_ಕ್ಲಾಸ್
ಬೇಡ ಬೇಡ. ಲೆವೆಲ್ ಅನ್ನು ಅಕ್ಷರದಲ್ಲೇ ಬಿಡಿಸಬಹುದು. ಲಿಸ್ಟ್‌ನಲ್ಲಿ ಒಂದೊಂದು ಸಾಲು ಅಕ್ಷರ ಇಡಬೇಕು. ಚುಕ್ಕಿ ಇದ್ದರೆ ಖಾಲಿ, ಹ್ಯಾಶ್ ಗುರುತು ಇದ್ದರೆ ಇಟ್ಟಿಗೆ, ನಕ್ಷತ್ರ ಇದ್ದರೆ ಮುಳ್ಳು. ಹೀಗೆ:

"........"
"..##...."
".....*.."
"########"

ಆಮೇಲೆ ಒಂದು ಫಾರ್ ಲೂಪ್ ಸಾಲಿಗೆ, ಅದರೊಳಗೆ ಇನ್ನೊಂದು ಅಕ್ಷರಕ್ಕೆ. ಹ್ಯಾಶ್ ಸಿಕ್ಕರೆ ಅಲ್ಲಿ ಇಟ್ಟಿಗೆ. ಇಟ್ಟಿಗೆ ಚಿತ್ರ 32 ಪಿಕ್ಸೆಲ್ ಇದ್ದರೆ ಎಕ್ಸ್ ಅಂದರೆ ಅಕ್ಷರದ ಸ್ಥಾನ ಗುಣಿಸು 32, ವೈ ಅಂದರೆ ಸಾಲಿನ ಸ್ಥಾನ ಗುಣಿಸು 32. ಇಲ್ಲಿ ಸೊನ್ನೆಯಿಂದ ಎಣಿಸೋದು ತುಂಬ ಅನುಕೂಲ, ಮೊದಲ ಇಟ್ಟಿಗೆ ಸರಿಯಾಗಿ ಮೂಲೆಗೇ ಬರುತ್ತೆ. ಜಾಗ ಕೊಡುವಾಗ ಟಾಪ್‌ಲೆಫ್ಟ್ ಅಂತ ಕೊಡಲಿ, ಬರೀ ಪೊಸಿಷನ್ ಕೊಟ್ಟರೆ ಚಿತ್ರದ ನಡುಭಾಗ ಅಲ್ಲಿ ಕೂರುತ್ತೆ. ಒಂದು ಲೆವೆಲ್ ಆದಮೇಲೆ ಇನ್ನೊಂದಕ್ಕೆ ಬರೀ ಹೊಸ ಸಾಲುಗಳನ್ನು ಬರೆದರೆ ಆಯ್ತು, ಕೋಡ್ ಮುಟ್ಟಬೇಕಿಲ್ಲ. ಸಿಕ್ಕಿಹಾಕಿಕೊಂಡರೆ ಆ ಎರಡು ಲೂಪ್ ಇರುವ ಭಾಗವನ್ನು ಇಲ್ಲಿ ಹಾಕೋಕೆ ಹೇಳಿ, ನಾನು ನೋಡ್ತೀನಿ.